ಇದ್ದಿಲು ಹಾಕುವ ಮುಂಚೆ ಗಂಧಕದ ಲೆಕ್ಕ

ಬಿತ್ತಿ ಐದನೇ ವಾರ. ಶೇಂಗಾ ಹೊಲದಲ್ಲಿ ಇದ್ದಿಲು ಹಾಕಿದ್ದ ಆರು ಸಾಲುಗಳು ಬದುವಿನ ಮೇಲೆ ನಿಂತರೇ ಗುರುತು ಸಿಗುತ್ತಿದ್ದವು. ಗಿಡಗಳು ಎತ್ತರಕ್ಕೆ ಬಂದಿದ್ದವು, ಆದರೆ ಕುಡಿ ಎಲೆಗಳೆಲ್ಲ ನಿಂಬೆಹಣ್ಣಿನ ಬಣ್ಣ. ಏನೂ ಹಾಕದ ಪಕ್ಕದ ಸಾಲುಗಳು ಗಿಡ್ಡಗಿದ್ದರೂ ಹಸಿರಾಗಿದ್ದವು. "ಇದ್ದಿಲು ಕಾವು ಮಾಡೈತೆ ಬಿಡು" ಅಂದರು ಪಕ್ಕದ ಹೊಲದವರು. ನಾನು ಇದು ಗಂಧಕದ ಕೊರತೆ ಎಂದುಕೊಂಡು ಜಿಪ್ಸಂ ಎರಚಿದೆ. ಮೇಲೊಂದು ಹದವಾದ ಮಳೆಯೂ ಆಯಿತು. ಹನ್ನೆರಡು ದಿನದಲ್ಲಿ ಮೇಲಿನ ನಾಲ್ಕು ಸಾಲು ಹಸಿರಿಗೆ ತಿರುಗಿದವು. ಕೆಳಗಿನ ಎರಡು ಸಾಲು ಜಪ್ಪಯ್ಯ ಅನ್ನಲಿಲ್ಲ. ಅವುಗಳದ್ದು ಬೇರೆಯದೇ ಹಳದಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಯೋಚಾರ್ ಎಂದು ಮಾರುಕಟ್ಟೆಯಲ್ಲಿ ಕರೆಯುವುದನ್ನು ಇಲ್ಲಿ ಇದ್ದಿಲು ಎಂದೇ ಬರೆಯುತ್ತೇನೆ. ಗಾಳಿ ಸಾಲದ ಕಡೆ ಸುಟ್ಟು ಕರಿಕಾದ ದಂಟು, ಕಟ್ಟಿಗೆ, ಸಿಪ್ಪೆ ಅಷ್ಟೇ ತಾನೇ. ಅದರಿಂದ ನೀರು ನಿಲ್ಲುತ್ತದೆ, ಹುಳಿ ಮಣ್ಣು ಸರಿಹೋಗುತ್ತದೆ ಎಂದೆಲ್ಲ ಓದಿರುತ್ತೀರಿ. ಗಂಧಕದ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಎಣ್ಣೆಕಾಳು, ಬೇಳೆಕಾಳು, ಈರುಳ್ಳಿ ಬೆಳೆಯುವವರಿಗೆ ಬೇಕಾದದ್ದು ಅದೇ. ಇದ್ದಿಲಿನಲ್ಲಿ ಗಂಧಕ ಇರುವುದು ಚೂರುಪಾರು. ಆದರೆ ಮಣ್ಣು ಹಿಡಿದಿಟ್ಟುಕೊಂಡ ಗಂಧಕದ ಬೀಗ ತೆಗೆಯುವ ಕೆಲಸ ಅದಕ್ಕೆ ಗೊತ್ತು. ಬೀಗ ತೆಗೆದದ್ದು ಬೇರಿನ ಪಾಲೋ ಮಳೆನೀರಿನ ಪಾಲೋ ಎಂಬುದನ್ನು ನಾವು ನೋಡಿಕೊಳ್ಳಬೇಕು.

ಕಾನೊದಿಂದ ಚಳ್ಳಕೆರೆಗೆ

ಗಂಧಕದ ಕೊರತೆ ಸವನ್ನಾ ಮಣ್ಣಿನ ಹಳೇ ಕತೆ. ಸವನ್ನಾ ಅಂದಕೂಡಲೇ ಜಿರಾಫೆ, ಸಿಂಹ ಕಣ್ಣಮುಂದೆ ಬರುತ್ತವೆ. ಚಳ್ಳಕೆರೆಯ ಸುತ್ತಲಿನ ಅಮೃತ ಮಹಲ್ ಕಾವಲುಗಳನ್ನು ನೋಡಿದವರಿಗೆ ಅಷ್ಟು ದೂರ ಹೋಗಬೇಕಿಲ್ಲ. ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಉದ್ದನೆಯ ಒಣಗಾಲ, ಬೇಸಿಗೆಯಲ್ಲಿ ಬೆಂಕಿ: ಇದೂ ಸವನ್ನಾವೇ. ದಖ್ಖನ್ ಪ್ರಸ್ಥಭೂಮಿಯ ಇಂಥ ನೆಲ ಹಾಳಾದ ಕಾಡಲ್ಲ, ಅದಕ್ಕೆ ತನ್ನದೇ ಹಳೆಯ ಹುಟ್ಟಿದೆ ಎಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪರಿಸರ ವಿಜ್ಞಾನಿಗಳೂ ಹೇಳುತ್ತ ಬಂದಿದ್ದಾರೆ. ಕಾವಲಿನ ಅಂಚಿನ ಕೆಂಪು ಹೊಲಗಳಲ್ಲಿ ಶೇಂಗಾ ಬೆಳೆದು, ಚಳ್ಳಕೆರೆ ಎಣ್ಣೆ ಗಿರಣಿಗಳ ಊರೆಂದು ಹೆಸರಾಯಿತು.

ಉತ್ತರ ನೈಜೀರಿಯಾದ ಕಾನೊ ನಗರವೂ ಒಂದು ಕಾಲಕ್ಕೆ ಶೇಂಗಾಕ್ಕೇ ಹೆಸರಾಗಿತ್ತು. ಶೇಂಗಾ ಮೂಟೆಗಳನ್ನು ಅಲ್ಲಿ ಪಿರಮಿಡ್ಡಿನ ಹಾಗೆ ಒಟ್ಟುತ್ತಿದ್ದ ಚಿತ್ರಗಳು ಲೋಕಪ್ರಸಿದ್ಧ. ಸವನ್ನಾ ಮಣ್ಣಿನ ಗಂಧಕದ ಬಡತನ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೂ ಆ ಭಾಗದಲ್ಲೇ. ಶೇಂಗಾಕ್ಕೆ ಸೂಪರ್ ಫಾಸ್ಫೇಟ್ ಕೊಟ್ಟಾಗ ಬಂದ ಇಳುವರಿ ಬರೀ ರಂಜಕದ್ದಲ್ಲ, ಅದರೊಳಗಿನ ಗಂಧಕದ್ದೂ ಹೌದು ಎಂದು 1950ರ ದಶಕದ ಹೊತ್ತಿಗೇ ಅಲ್ಲಿ ಗೊತ್ತಾಗಿತ್ತು. ಆಮೇಲೆ ಗಂಧಕವಿಲ್ಲದ ಸಾಂದ್ರ ಗೊಬ್ಬರಗಳು ಬಂದವು. ನಮ್ಮಲ್ಲೂ ನಡೆದದ್ದು ಇದೇ. ಸಿಂಗಲ್ ಸೂಪರ್ ಫಾಸ್ಫೇಟ್ ಚೀಲದಲ್ಲಿ ಶೇ. 11ರಷ್ಟು ಗಂಧಕವಿದೆ, ಡಿಎಪಿ ಚೀಲದಲ್ಲಿ ಸೊನ್ನೆ. ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜತೆ ಸೇರಿ ಕರ್ನಾಟಕ ಸರ್ಕಾರ 2009ರಲ್ಲಿ ಶುರುಮಾಡಿದ ಭೂಚೇತನ ಯೋಜನೆಯಲ್ಲಿ ಮಣ್ಣು ಪರೀಕ್ಷಿಸಿದಾಗ ಖುಷ್ಕಿ ಹೊಲಗಳಲ್ಲಿ ಎದ್ದು ಕಂಡದ್ದು ಗಂಧಕ, ಸತು, ಬೋರಾನ್ ಕೊರತೆಗಳು.

ಕೊರತೆಗೆ ಇನ್ನೊಂದು ಕಾರಣ ಬೆಂಕಿ. ಹುಲ್ಲು, ದಂಟು ಬಯಲಲ್ಲಿ ಉರಿದರೆ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಗಂಧಕದಲ್ಲಿ ಶೇ. 5ರಿಂದ 60ರವರೆಗೆ ಹೊಗೆಯಾಗಿ ಹೋಗುತ್ತದೆ. ಎಷ್ಟು ಎಂಬುದು ಬೆಂಕಿಯ ಕಾವನ್ನು ಅವಲಂಬಿಸಿದೆ. ವರ್ಷ ವರ್ಷ ಬೆಂಕಿ ಬೀಳುವ ನೆಲದಲ್ಲಿ ಉಳಿಯುವುದೇನು ಹೇಳಿ.

1. ಹಳದಿ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ

ಇದ್ದಿಲು ಹಾಕಬೇಕೋ ಬೇಡವೋ ಎಂಬುದಕ್ಕೆ ಮೊದಲು, ನಿಮ್ಮ ಹೊಲಕ್ಕೆ ಗಂಧಕ ಸಾಲದೆಂಬುದು ನಿಜವೇ? ಎಲೆ ಕಿತ್ತು ಸೂರ್ಯನಿಗೆ ಅಡ್ಡ ಹಿಡಿಯಿರಿ.

ಕೆಳಗಿನ ಹಳೇ ಎಲೆ ಮೊದಲು ಹಳದಿಯಾಗಿದ್ದರೆ ಸಾರಜನಕದ ಕೊರತೆ. ಗಿಡ ಹಳೇ ಎಲೆಯಿಂದ ಸಾರಜನಕವನ್ನು ಬಸಿದು ಕುಡಿಗೆ ಕಳಿಸುತ್ತದೆ. ಗಂಧಕವನ್ನು ಹಾಗೆ ಸಲೀಸಾಗಿ ಸಾಗಿಸಲು ಅದಕ್ಕೆ ಬರುವುದಿಲ್ಲ, ಹಾಗಾಗಿ ಗಂಧಕ ಸಾಲದಾದಾಗ ಕುಡಿ ಎಲೆಯೇ ಮೊದಲು ಹಳದಿಯಾಗುತ್ತದೆ, ನರವೂ ಸೇರಿ ಇಡೀ ಎಲೆ ಒಂದೇ ಬಣ್ಣಕ್ಕೆ ಬರುತ್ತದೆ. ಕುಡಿ ಎಲೆ ಹಳದಿಯಾಗಿಯೂ ನರಗಳು ಹಸಿರು ಗೆರೆಗಳಂತೆ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ನನ್ನ ಹೊಲದ ಕೆಳಗಿನ ಎರಡು ಸಾಲಿನದು ಇದೇ. ಗುಂಡಿಯ ತಳದಲ್ಲಿ ಉಳಿದಿದ್ದ ಬಿಳಿ ಬೂದಿಯನ್ನು ದಂಡವಾಗುತ್ತದಲ್ಲ ಎಂದು ಅಲ್ಲೇ ಸುರಿದಿದ್ದೆ. ಬೂದಿ ಮಣ್ಣನ್ನು ಕ್ಷಾರಕ್ಕೆ ಏರಿಸಿತು, ಕಬ್ಬಿಣ ಬೇರಿಗೆ ಸಿಗದಂತಾಯಿತು. ಅಂಥ ಹಳದಿಗೆ ಎಷ್ಟು ಜಿಪ್ಸಂ ಸುರಿದರೂ ಪ್ರಯೋಜನವಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಎಲೆಗೆ ಹೊಡೆದ ಮೇಲೆ ಅವೂ ಚೇತರಿಸಿಕೊಂಡವು.

ಈರುಳ್ಳಿ ಬೆಳೆಯುವವರಿಗೆ ಇನ್ನೊಂದು ಗುರುತಿದೆ. ಹೆಚ್ಚುವಾಗ ಕಣ್ಣಲ್ಲಿ ನೀರು ತರಿಸುವುದು ಗಂಧಕದ ಸಂಯುಕ್ತವೇ. ಅದೇ ತಳಿ, ಅದೇ ಹೊಲ, ಆದರೂ ಗಡ್ಡೆಯ ಖಾರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಅನುಮಾನ ಪಡಿ.

2. ಮಣ್ಣಿನ ಮಾದರಿ ಮೂರು ಆಳದಲ್ಲಿ ತೆಗೆಯಿರಿ

ಮಣ್ಣು ಆರೋಗ್ಯ ಚೀಟಿಗೆ ಸಾಮಾನ್ಯವಾಗಿ ಮೇಲಿನ 15 ಸೆಂಟಿಮೀಟರ್ ಮಣ್ಣು ಸಾಕು. ಗಂಧಕದ ವಿಚಾರದಲ್ಲಿ ಅಷ್ಟಕ್ಕೇ ನಿಂತರೆ ಅರ್ಧ ಕತೆ ಮಾತ್ರ ತಿಳಿಯುತ್ತದೆ. ಬೇರು ಹೀರುವುದು ಸಲ್ಫೇಟ್ ರೂಪದ ಗಂಧಕವನ್ನು. ಸಲ್ಫೇಟಿಗೆ ಋಣ ವಿದ್ಯುದಂಶ, ಮಣ್ಣಿನ ಜೇಡಿಕಣಕ್ಕೂ ಬಹುಪಾಲು ಋಣವೇ. ಹಾಗಾಗಿ ಮರಳು ಮಿಶ್ರಿತ ಮೇಲ್ಮಣ್ಣಿನಲ್ಲಿ ಅದಕ್ಕೆ ಹಿಡಿತವಿಲ್ಲದೆ ನೀರಿನ ಜತೆ ಇಳಿಯುತ್ತದೆ. ಅಡಿ, ಒಂದೂವರೆ ಅಡಿ ಕೆಳಗೆ ಕೆಂಪು ಜೇಡಿ ಹೆಚ್ಚಾಗುವ ಪದರದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಅದನ್ನು ಹಿಡಿದುಕೊಳ್ಳುತ್ತವೆ. ಸಸಿಯಾಗಿದ್ದಾಗ ಹಳದಿಯಿದ್ದ ಮೆಕ್ಕೆಜೋಳ ಬೇರು ಇಳಿದ ಮೇಲೆ ತಾನಾಗಿ ಹಸಿರಾಗುವುದನ್ನು ನೋಡಿದ್ದೀರಲ್ಲ, ಅದರ ಹಿಂದೆ ಎಷ್ಟೋ ಸಲ ಈ ಕೆಳಪದರದ ಗಂಧಕ ಇರುತ್ತದೆ.

ಆದ್ದರಿಂದ 0–15, 15–30, 30–60 ಸೆಂಟಿಮೀಟರ್ ಆಳದ ಮಣ್ಣನ್ನು ಬೇರೆ ಬೇರೆ ತೆಗೆಯಿರಿ. ಎಕರೆಗೆ ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಗುಂಡಿ ತೋಡಿ, ಒಂದೊಂದು ಆಳದ್ದನ್ನು ಒಂದೊಂದು ಬಕೆಟ್ಟಿಗೆ ಹಾಕಿ ಕಲಸಿ, ಅರ್ಧ ಅರ್ಧ ಕೆಜಿ ಇಟ್ಟುಕೊಳ್ಳಿ. ಬೇಸಿಗೆ ಮುಗಿಯುವ ಮುನ್ನ, ಮೊದಲ ಮಳೆ ಬೀಳುವ ಮುನ್ನ ತೆಗೆದರೆ ಒಳ್ಳೆಯದು. ಒಣಗಿ ಬಿರಿದ ಮಣ್ಣಿಗೆ ನೀರು ಬಿದ್ದಕೂಡಲೇ ಸೂಕ್ಷ್ಮಜೀವಿಗಳು ಎದ್ದು ಸಾವಯವ ಪದಾರ್ಥವನ್ನು ಬಿಚ್ಚುತ್ತವೆ, ಸಾರಜನಕ ಗಂಧಕ ಎರಡೂ ಕೆಲ ದಿನ ಉಕ್ಕುತ್ತವೆ. 1950ರ ದಶಕದಲ್ಲಿ ಕೀನ್ಯಾದ ಮುಗುಗಾದಲ್ಲಿದ್ದ ಬರ್ಚ್ ಎಂಬ ವಿಜ್ಞಾನಿ ಇದನ್ನು ವಿವರವಾಗಿ ತೋರಿಸಿಕೊಟ್ಟರು, ಆ ಉಕ್ಕಿಗೆ ಅವರದೇ ಹೆಸರು ಉಳಿದಿದೆ. ಆ ಉಕ್ಕಿನಲ್ಲಿ ತೆಗೆದ ಮಾದರಿ ಇಲ್ಲದ ಸಿರಿವಂತಿಕೆ ತೋರಿಸುತ್ತದೆ.

ಮಣ್ಣನ್ನು ನೆರಳಲ್ಲಿ, ತೊಳೆದ ಬಟ್ಟೆಯ ಮೇಲೆ ಒಣಗಿಸಿ. ಇಷ್ಟು ಸಣ್ಣ ವಿಷಯ ಹೇಳುವುದಕ್ಕೆ ಕಾರಣವಿದೆ. ಒಂದು ವರ್ಷ ನನ್ನ ಮಾದರಿಗೆ ಗಂಧಕ 60 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಿಗೆ 60 ಪಾಲು) ದಾಟಿ ಬಂತು, ಹಿಂದಿನ ವರ್ಷ 7 ಇತ್ತು. ಪ್ರಯೋಗಾಲಯದವರನ್ನು ಬೈದುಕೊಂಡು ಮನೆಗೆ ಬಂದವನಿಗೆ ಕಂಡದ್ದು ಅಂಗಳದಲ್ಲಿ ಬಿದ್ದಿದ್ದ ಖಾಲಿ ಅಮೋನಿಯಂ ಸಲ್ಫೇಟ್ ಚೀಲ. ಮಣ್ಣು ಒಣಗಿಸಿದ್ದು ಅದರ ಮೇಲೆ.

ಫಲಿತಾಂಶ ಓದುವುದು ಸುಲಭ. ಕ್ಯಾಲ್ಸಿಯಂ ಕ್ಲೋರೈಡ್ ವಿಧಾನದಲ್ಲಿ 10 ಪಿಪಿಎಂ ಒಳಗಿದ್ದರೆ ಕೊರತೆ ಎಂಬುದು ನಮ್ಮ ದೇಶದಲ್ಲಿ ರೂಢಿಯ ಅಳತೆ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. 10 ಪಿಪಿಎಂ ಎಂದರೆ ಎಕರೆಗೆ 9 ಕೆಜಿ, 5 ಪಿಪಿಎಂ ಎಂದರೆ ನಾಲ್ಕೂವರೆ ಕೆಜಿ. ಒಳ್ಳೆಯ ಶೇಂಗಾ ಬೆಳೆ ಎಕರೆಗೆ ನಾಲ್ಕರಿಂದ ಆರು ಕೆಜಿ ಗಂಧಕ ಹೀರುತ್ತದೆ.

3. ರಸಸಾರ (ಪಿಎಚ್) ನೋಡಿ ದಾರಿ ಹಿಡಿಯಿರಿ

ಇಡೀ ವಿಷಯ ಇಲ್ಲೇ ಕವಲೊಡೆಯುವುದು. ಸಮಾಧಾನವಾಗಿ ಓದಿ.

ರಸಸಾರ 6ಕ್ಕಿಂತ ಕೆಳಗಿದ್ದರೆ, ಅಂದರೆ ಹುಳಿ ಮಣ್ಣಾದರೆ, ಕಬ್ಬಿಣ ಅಲ್ಯೂಮಿನಿಯಂ ಆಕ್ಸೈಡುಗಳ ಮೈಗೆ ಧನ ವಿದ್ಯುದಂಶ ಬಂದಿರುತ್ತದೆ, ಸಲ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಘಾನಾದ ಉತ್ತರ ಭಾಗದ ಗಿನಿ ಸವನ್ನಾ ಹೊಲಗಳಲ್ಲಿ, ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಎಷ್ಟೋ ರಾಗಿ ಹೊಲಗಳಲ್ಲಿ ಇದೇ ಸ್ಥಿತಿ. ಇಂಥ ಮಣ್ಣಿಗೆ ಇದ್ದಿಲು ಬಿದ್ದರೆ ಅದರ ಜತೆಗಿನ ಬೂದಿ ರಸಸಾರವನ್ನು ಏರಿಸುತ್ತದೆ. 6ರಿಂದ 6.5 ದಾಟುವ ಹೊತ್ತಿಗೆ ಆಕ್ಸೈಡುಗಳ ಹಿಡಿತ ಬಹುತೇಕ ಸಡಿಲ. ಸಲ್ಫೇಟ್ ನೀರಿಗೆ ಬರುತ್ತದೆ. ಮೊದಲ ಬೆಳೆ ಕಣ್ಣಿಗೆ ಹಬ್ಬ. ನನ್ನ ಆರು ಸಾಲು ಎತ್ತರಕ್ಕೆ ಬೆಳೆದದ್ದು ಹೀಗೆ.

ತೊಂದರೆ ಶುರುವಾಗುವುದು ಎರಡು ಕಡೆಯಿಂದ. ಗಿಡ ದೊಡ್ಡದಾದಷ್ಟೂ ಅದರ ಗಂಧಕದ ಹಸಿವೂ ದೊಡ್ಡದು, ಇದ್ದ ಸ್ವಲ್ಪ ಗಂಧಕ ಹೆಚ್ಚು ಎಲೆಗಳಿಗೆ ಹಂಚಿಹೋಗಿ ತೆಳುವಾಗುತ್ತದೆ. ಅದೇ ಹೊತ್ತಿಗೆ ಹಿಡಿತ ತಪ್ಪಿದ ಸಲ್ಫೇಟ್ ಜೋರು ಮಳೆಗೆ ಬೇರು ಮುಟ್ಟದ ಆಳಕ್ಕೆ ಇಳಿಯುತ್ತದೆ. ಇದ್ದಿಲು ಅದನ್ನು ಹಿಡಿದುಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಇದ್ದಿಲಿನ ಮೈ ಹಳತಾದಂತೆ ಋಣ ವಿದ್ಯುದಂಶವನ್ನೇ ಹೆಚ್ಚಿಸಿಕೊಳ್ಳುತ್ತದೆ. ಅಮೋನಿಯಂ, ಪೊಟ್ಯಾಷ್, ಸುಣ್ಣಕ್ಕೆ (ಕ್ಯಾಲ್ಸಿಯಂಗೆ) ಅದು ಜಾಗ ಕೊಡುತ್ತದೆ, ಸಲ್ಫೇಟಿಗಲ್ಲ. ಜತೆಗೆ ಡಿಎಪಿ ಹಾಕಿದರಂತೂ ಮುಗಿಯಿತು, ಫಾಸ್ಫೇಟ್ ಬಂದು ಸಲ್ಫೇಟನ್ನು ಆಕ್ಸೈಡಿನ ಮೈಯಿಂದ ನೂಕಿ ತಾನು ಕೂರುತ್ತದೆ.

ಘಾನಾದ ಗಿನಿ ಸವನ್ನಾದಲ್ಲಿರುವ ತಮಾಲೆ ನಗರದ ಸುತ್ತ ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಮಳೆ, ಅದೂ ಒಂದೇ ಋತುವಿನಲ್ಲಿ. ಅಲ್ಲಿ ಸೋರಿಹೋಗುವುದು ದೊಡ್ಡ ನಷ್ಟ. ಚಳ್ಳಕೆರೆಯಲ್ಲಿ 500 ದಾಟುವುದೇ ಕಷ್ಟ, ಹಾಗಾಗಿ ಇಲ್ಲಿ ಸೋರಿಕೆಗಿಂತ ತೆಳುವಾಗುವುದೇ ಹೆಚ್ಚು ಕಾಡುತ್ತದೆ. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೇ ಎತ್ತಿ ತರಬೇಡಿ. ಆದರೆ ಒಂದೇ ರಾತ್ರಿ 80 ಮಿಲಿಮೀಟರ್ ಸುರಿಯುವ ಮಳೆ ನಮಗೂ ಹೊಸದಲ್ಲ.

ರಸಸಾರ 6.5ರಿಂದ 7.5ರ ನಡುವೆ ಇದ್ದರೆ ಬೀಗವೇ ಇಲ್ಲದ ಬಾಗಿಲು ಅದು. ಇದ್ದಿಲಿನಿಂದ ಗಂಧಕದ ಲಾಭ ನಿರೀಕ್ಷಿಸಬೇಡಿ. ತೇವ ನಿಲ್ಲಿಸಲು ಬೇಕೆಂದರೆ ಬೂದಿ ಕಡಿಮೆಯಿರುವ ಇದ್ದಿಲನ್ನಷ್ಟೇ ಹಾಕಿ. ನನ್ನ ಕೇಳಿದರೆ, ತೀರಾ ಮರಳಾದ ಹೊಲಕ್ಕೆ ತೇವದ ಸಲುವಾಗಿ ಇದ್ದಿಲು ಸುಡುವುದಕ್ಕಿಂತ ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಸುವುದು ಮೇಲು.

7.5 ದಾಟಿದ್ದರೆ ಬೇಡ. ಕಬ್ಬಿಣ, ಸತು ಎರಡಕ್ಕೂ ಸಂಚಕಾರ.

4. ಏನನ್ನು ಸುಡಬೇಕು: ಒಂದು ಟನ್ ದಂಟಿನ ಲೆಕ್ಕ

ಮೆಕ್ಕೆಜೋಳದ ಒಣ ದಂಟಿನಲ್ಲಿ ಗಂಧಕ ಸುಮಾರು ಶೇ. 0.1. ಅಂದರೆ ಒಂದು ಟನ್ ದಂಟಿಗೆ ಒಂದು ಕೆಜಿ. ಸುಟ್ಟರೆ 250ರಿಂದ 300 ಕೆಜಿ ಇದ್ದಿಲು ಸಿಗುತ್ತದೆ. ಪ್ರೋಟೀನಿನೊಳಗಿನ ಗಂಧಕ 400 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಅನಿಲವಾಗಿ ಹೊರಡಲು ಶುರು, ಆ ಕಾವಿಗೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಹೋಗಿರುತ್ತದೆ. ಅರ್ಧ ಉಳಿಯಿತು ಎಂದೇ ಇಟ್ಟುಕೊಳ್ಳಿ. ಎಕರೆಗೆ ಎರಡು ಟನ್ ಇದ್ದಿಲು ಹಾಕಲು ಏಳೆಂಟು ಟನ್ ದಂಟು ಸುಡಬೇಕು, ಅದರಿಂದ ಬರುವ ಗಂಧಕ ನಾಲ್ಕು ಕೆಜಿಯೂ ಇಲ್ಲ. ಅದರಲ್ಲೂ ಒಂದು ಪಾಲು ಇಂಗಾಲದೊಳಗೆ ಗಟ್ಟಿಯಾಗಿ ಸಿಕ್ಕಿಕೊಂಡು ಬೆಳೆಗೆ ದಕ್ಕುವುದಿಲ್ಲ. 50 ಕೆಜಿಯ ಒಂದು ಜಿಪ್ಸಂ ಚೀಲ ಇದರ ಎರಡರಷ್ಟು ಕೊಡುತ್ತದೆ.

ಹಾಗಾದರೆ ಸುಡುವುದೇಕೆ? ಹಸಿ ದಂಟನ್ನೇ ಉಳುಮೆ ಮಾಡಿ ಮುಚ್ಚಬಾರದೇ? ಮುಚ್ಚಬಹುದು, ಆದರೆ ಅಲ್ಲೂ ಒಂದು ಗುಟ್ಟಿದೆ. ದಂಟಿನಲ್ಲಿ ಒಂದು ಪಾಲು ಗಂಧಕಕ್ಕೆ ನಾನೂರಕ್ಕೂ ಹೆಚ್ಚು ಪಾಲು ಇಂಗಾಲ. ಈ ಪ್ರಮಾಣ 400 ದಾಟಿದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ತಮಗೆ ಸಾಲದ ಗಂಧಕವನ್ನು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತವೆ. 200ರ ಒಳಗಿದ್ದರೆ ಮಣ್ಣಿಗೆ ಬಿಟ್ಟುಕೊಡುತ್ತವೆ. ಇದ್ದಿಲಿನ ಇಂಗಾಲ ಬಹುಪಾಲು ಅವುಗಳ ಹಲ್ಲಿಗೆ ಸಿಗದಂಥದ್ದು, ಆದ್ದರಿಂದ ಈ ಕಿತ್ತಾಟ ಕಡಿಮೆ. ಬಿತ್ತನೆಗೆ ಹತ್ತಿರದಲ್ಲಿ ದಂಟು ಮುಚ್ಚುವುದಕ್ಕಿಂತ ಇದ್ದಿಲು ಹಾಕುವುದು ವಾಸಿ ಎನ್ನುವುದು ಇದೇ ಕಾರಣಕ್ಕೆ.

ನಮ್ಮ ಕಡೆ ಸುಡಲು ಸಿಗುವುದು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಮೆಕ್ಕೆಜೋಳದ ಬೆಂಡು, ಶೇಂಗಾ ಸಿಪ್ಪೆ, ಮತ್ತೆ ಎಲ್ಲೆಲ್ಲೂ ಇರುವ ಬಳ್ಳಾರಿ ಜಾಲಿ. ಮರದ ಇದ್ದಿಲಿಗಿಂತ ದಂಟು, ಸಿಪ್ಪೆಯ ಇದ್ದಿಲಿನಲ್ಲಿ ಗಂಧಕ ಹೆಚ್ಚು, ಬೂದಿಯೂ ಹೆಚ್ಚು. ಹುಳಿ ಮಣ್ಣಿಗೆ ಅದು ಸರಿ, ತಟಸ್ಥ ಮಣ್ಣಿಗೆ ಜಾಲಿಯೋ ತೊಗರಿಯೋ ಸರಿ. ಶೇಂಗಾ ಹೊಟ್ಟನ್ನು (ಒಣ ಬಳ್ಳಿಯನ್ನು) ದಯವಿಟ್ಟು ಸುಡಬೇಡಿ, ಅದು ದನಕ್ಕೆ. ದನದ ಗಂಜಲದಲ್ಲಿ ಸಲ್ಫೇಟ್ ಇದೆ, ಆ ದಾರಿಯಲ್ಲೇ ಹೊಲಕ್ಕೆ ವಾಪಸ್ ಬರಲಿ. ಇನ್ನು ಅಕ್ಕಿ ಗಿರಣಿಯ ಬಾಯ್ಲರಿನಿಂದ ಲಾರಿಗಟ್ಟಲೆ ಬರುವ ಕಪ್ಪು ಬೂದಿಯನ್ನು ಬಯೋಚಾರ್ ಎಂದು ಮಾರುವವರಿದ್ದಾರೆ. ಬಹುಪಾಲು ಸಿಲಿಕಾ ಅದು, ದುಡ್ಡು ಕೊಡಬೇಡಿ.

5. ಸುಡುವುದು, ನಂದಿಸುವುದು

ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡಿ: ಬಾಯಿ ನಾಲ್ಕೈದು ಅಡಿ, ಆಳ ಎರಡೂವರೆ ಅಡಿ ಸಾಕು. ತಳದಲ್ಲಿ ಪುರಲೆ ಹೊತ್ತಿಸಿ, ಉರಿ ಎದ್ದ ಮೇಲೆ ತೆಳ್ಳಗೆ ಒಂದು ಪದರ ಹಾಕಿ. ಆ ಪದರದ ಮೇಲೆ ಬಿಳಿ ಬೂದಿ ಮೂಡಲು ಶುರುವಾದ ಕ್ಷಣ ಮುಂದಿನ ಪದರ. ಮೇಲಿನ ಉರಿ ಗಾಳಿಯನ್ನು ತಿಂದುಹಾಕುತ್ತದೆ, ಕೆಳಗಿನದು ಕರಿಕಾಗುತ್ತದೆ. ಆತುರಪಟ್ಟು ಒಮ್ಮೆಲೇ ತುಂಬಿದರೆ ದಟ್ಟ ಹೊಗೆ, ತಡಮಾಡಿದರೆ ಬರೀ ಬೂದಿ. ಸುಡುವ ವಸ್ತು ಚೆನ್ನಾಗಿ ಒಣಗಿರಲಿ. ಗಾಳಿ ಬೀಸುವ ದಿನ ಬೇಡ, ಹುಲ್ಲಿನ ಬಣವೆಯ ಹತ್ತಿರ ಬೇಡ, ಗುಂಡಿಯ ಮೇಲೆ ಬಾಗಿ ಹೊಗೆ ಕುಡಿಯಬೇಡಿ. ಕಣ್ಣಿಗೆ ಕಾಣದ ಇಂಗಾಲದ ಮೊನಾಕ್ಸೈಡ್ ಅದರಲ್ಲಿರುತ್ತದೆ.

ಹದ ನೋಡುವುದಕ್ಕೆ ಥರ್ಮಾಮೀಟರ್ ಬೇಕಿಲ್ಲ. ತಣ್ಣಗಾದ ತುಂಡನ್ನು ಅಂಗೈಯಲ್ಲಿ ತಿಕ್ಕಿ, ಬರೀ ನೀರಲ್ಲಿ ತೊಳೆಯಿರಿ. ಸೋಪಿಲ್ಲದೆ ಕಪ್ಪು ಹೋದರೆ ಸರಿಯಾಗಿ ಸುಟ್ಟಿದೆ. ಜಿಡ್ಡು ಜಿಡ್ಡಾಗಿ ಅಂಟಿಕೊಂಡರೆ ಟಾರು ಉಳಿದಿದೆ, ಇನ್ನಷ್ಟು ಬೇಯಬೇಕಿತ್ತು.

ಈಗ ಗಂಧಕ ಉಳಿಸುವ ನಿಜವಾದ ಜಾಗ. ಸುಟ್ಟ ಮೇಲೆ ಉಳಿದ ಗಂಧಕದಲ್ಲಿ ಒಳ್ಳೆಯ ಪಾಲು ಪೊಟ್ಯಾಸಿಯಂ ಸಲ್ಫೇಟಿನಂಥ ಲವಣವಾಗಿ ಇದ್ದಿಲಿನ ಮೇಲ್ಮೈಯಲ್ಲೇ ಕೂತಿರುತ್ತದೆ. ಬಿಂದಿಗೆಗಟ್ಟಲೆ ನೀರು ಹೊಯ್ದು ನಂದಿಸಿ, ಆ ಕಂದು ನೀರನ್ನು ಹರಿಯಬಿಟ್ಟರೆ ಗಂಧಕವನ್ನೂ ಪೊಟ್ಯಾಷನ್ನೂ ಚರಂಡಿಗೆ ಬಿಟ್ಟ ಹಾಗೆ. ನಂದಿಸುವಾಗ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿದರೆ ಗಾಬರಿಯಾಗಬೇಡಿ, ಅದು ಬೂದಿಯ ಸಲ್ಫೈಡ್ ನೀರಿಗೆ ಸಿಕ್ಕಿ ಹೊರಡುವ ಅನಿಲ; ಒಂದೆರಡು ಹೆಜ್ಜೆ ಹಿಂದೆ ಸರಿದು ನಿಲ್ಲಿ. ಬೇಕಾದಷ್ಟೇ ನೀರು ಚಿಮುಕಿಸಿ, ಉಳಿದದ್ದಕ್ಕೆ ಒದ್ದೆ ಮಣ್ಣು ಮುಚ್ಚಿ ಉಸಿರು ಕಟ್ಟಿಸಿ. ಗುಂಡಿಯಲ್ಲಿ ನೀರು ನಿಂತರೆ ಬಗ್ಗಿಸಿ ತಿಪ್ಪೆಗೆ ಹೊಯ್ಯಿರಿ. ಹೊಲದ ಮೂಲೆಯಲ್ಲಿ ಇದ್ದಿಲಿನ ಗುಡ್ಡೆ ಮಾಡಿ ಮಳೆಗೆ ಬಿಡುವುದೂ ಅಷ್ಟೇ ದಂಡ. ಒಂದು ಟಾರ್ಪಾಲು ಹೊದಿಸಿ.

6. ತಿಪ್ಪೆಯಲ್ಲಿ ಒಂದೆರಡು ತಿಂಗಳು

ಬರಿ ಇದ್ದಿಲನ್ನು ನೇರವಾಗಿ ಹೊಲಕ್ಕೆ ಹಾಕಬೇಡಿ. ಜೋಳದ ಕಾಳಿನಷ್ಟು ಪುಡಿಮಾಡಿ, ಒಂದು ಪಾಲು ಇದ್ದಿಲಿಗೆ ಮೂರು ಪಾಲು ಸಗಣಿ ಗೊಬ್ಬರ ಸೇರಿಸಿ, ಗಂಜಲ ಚಿಮುಕಿಸಿ, ನೆರಳಲ್ಲಿ ಇಡಿ. ಮಣ್ಣಿನ ಗಂಧಕದಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗೂ ಹೆಚ್ಚು ಸಾವಯವ ರೂಪದಲ್ಲಿರುತ್ತದೆ, ಅದನ್ನು ಬಿಚ್ಚಿ ಸಲ್ಫೇಟ್ ಮಾಡಲು ಸೂಕ್ಷ್ಮಜೀವಿಗಳ ಕಿಣ್ವಗಳೇ ಬೇಕು. ಏರಿಲ್‌ಸಲ್ಫಟೇಸ್ ಎಂಬುದು ಅವುಗಳಲ್ಲಿ ಮುಖ್ಯ. ಹೊಸ ಇದ್ದಿಲು ಕೆಲವು ಮಣ್ಣಲ್ಲಿ ಈ ಕಿಣ್ವದ ಕೆಲಸವನ್ನು ಹೆಚ್ಚಿಸುತ್ತದೆ, ಕೆಲವು ಕಡೆ ಕಿಣ್ವವನ್ನೇ ತನ್ನ ರಂಧ್ರದೊಳಗೆ ಹೀರಿ ಕೂರಿಸಿಕೊಳ್ಳುತ್ತದೆ. ಗೊಬ್ಬರದ ಜತೆ ಹಳೆಯದಾಗಿ ಬಂದ ಇದ್ದಿಲು ಆ ಆಟ ಆಡುವುದು ಕಡಿಮೆ.

7. ಹೊಲಕ್ಕೆ: ಇದ್ದಿಲು ಒಂದು ಸಲ, ಗಂಧಕ ಎರಡು ಸಲ

ಪ್ರಯೋಗಗಳಲ್ಲಿ ಹೆಕ್ಟೇರಿಗೆ ಐದು, ಹತ್ತು ಟನ್ ಹಾಕಿ ನೋಡುತ್ತಾರೆ. ನಮ್ಮ ನಿಮ್ಮ ಕೈಯಲ್ಲಿ ಆಗುವಂಥದ್ದಲ್ಲ ಅದು. ಎಕರೆಗೆ 400–500 ಕೆಜಿ ಇದ್ದಿಲನ್ನು ಗೊಬ್ಬರದ ಜತೆ ಬಿತ್ತುವ ಸಾಲಿನಲ್ಲೇ ಬೀಳಿಸಿ ಕುಂಟೆ ಹೊಡೆದು ಮುಚ್ಚಿದರೆ ಬೇರಿನ ಸುತ್ತ ಸಾಕಷ್ಟು ಸೇರುತ್ತದೆ. ಭರಣಿ, ಕೃತ್ತಿಕೆ ಮಳೆಗೆ ಉಳುಮೆ ಮಾಡುವಾಗ ಇದು ಮುಗಿದಿರಲಿ.

ಗಂಧಕವನ್ನು ಬೇರೆಯಾಗಿಯೇ ಕೊಡಿ. ರಂಜಕಕ್ಕೆ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಆರಿಸಿದರೆ ಅರ್ಧ ಕೆಲಸ ಅಲ್ಲೇ ಆಯಿತು: ಎಕರೆಗೆ 20 ಕೆಜಿ ರಂಜಕದ ಲೆಕ್ಕಕ್ಕೆ 125 ಕೆಜಿ ಬೇಕು, ಅದರೊಳಗೆ 14 ಕೆಜಿಯಷ್ಟು ಗಂಧಕ ಬರುತ್ತದೆ. 20:20:0:13 ಕಾಂಪ್ಲೆಕ್ಸ್ ಗೊಬ್ಬರವಾದರೆ ಆ ಕೊನೆಯ 13 ಎಂಬುದೇ ಗಂಧಕ. ಶೇಂಗಾಕ್ಕೆ ಹೂವಾಗಿ, ಕಾಯಿ ಕಟ್ಟುವ ಊಡು ಮಣ್ಣಿಗಿಳಿಯುವ ಹೊತ್ತಿನಲ್ಲಿ ಕೊಡುವ ಎಕರೆಗೆ 200 ಕೆಜಿ ಜಿಪ್ಸಂ ಕಾಯಿಗೆ ಸುಣ್ಣದ ಸಲುವಾಗಿ ಎಂದೇ ಎಲ್ಲರೂ ಹೇಳುತ್ತಾರೆ. ಅದರಲ್ಲಿ 30 ಕೆಜಿ ಆಸುಪಾಸು ಗಂಧಕವೂ ಇದೆ. ಇದ್ದಿಲು ಹಾಕಿದ ಹುಳಿ ಮರಳು ಮಣ್ಣಾದರೆ ಇದನ್ನು ಒಂದೇ ಸಲ ಸುರಿಯಬೇಡಿ, ಕಾಲು ಭಾಗ ಬಿತ್ತುವಾಗ, ಉಳಿದದ್ದು ಊಡು ಇಳಿಯುವಾಗ ಕೊಡಿ. ಹಿಡಿತ ಸಡಿಲವಾದ ಮಣ್ಣಿಗೆ ಒಟ್ಟಿಗೆ ಕೊಟ್ಟದ್ದು ಒಟ್ಟಿಗೇ ಇಳಿದುಹೋಗುತ್ತದೆ.

ಇದ್ದಿಲು, ಬೂದಿ ಹೆಚ್ಚಾಗಿ ರಸಸಾರ ಏರಿಬಿಟ್ಟಿದ್ದರೆ ಶೇ. 90ರ ಬೆಂಟೊನೈಟ್ ಗಂಧಕ (ಜೇಡಿ ಬೆರೆಸಿದ ಗಂಧಕದ ಗುಳಿಗೆ) ಒಳ್ಳೆಯದು. ಬ್ಯಾಕ್ಟೀರಿಯಾಗಳು ಅದನ್ನು ಸಲ್ಫೇಟ್ ಮಾಡುವಾಗ ಆಮ್ಲ ಹುಟ್ಟಿ ಕ್ಷಾರ ಸ್ವಲ್ಪ ತಗ್ಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುವ ಕೆಲಸ ಅದು. ಹಳದಿ ಕಂಡ ಮೇಲೆ ತಂದು ಹಾಕಿದರೆ ಈ ಬೆಳೆಗೆ ಆಗಿ ಬರುವುದಿಲ್ಲ.

8. ನಾಲ್ಕು ಮಡಿ ಬಿಟ್ಟು ನೋಡಿ

ಯಾರ ಮಾತೂ ನಂಬಬೇಡಿ, ನನ್ನದೂ. ಹೊಲದ ಒಂದು ಬದಿಯಲ್ಲಿ 3 ಮೀಟರ್ ಅಗಲ, 10 ಮೀಟರ್ ಉದ್ದದ ಮಡಿಗಳನ್ನು ಗುರುತಿಸಿ. ಒಂದಡಿ ಅಂತರದ ಹತ್ತು ಸಾಲು ಒಂದು ಮಡಿಗೆ ಬರುತ್ತದೆ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಇದ್ದಿಲು ಮಾತ್ರ, ಮೂರನೆಯದಕ್ಕೆ ಜಿಪ್ಸಂ ಮಾತ್ರ, ನಾಲ್ಕನೆಯದಕ್ಕೆ ಎರಡೂ. ಎಕರೆಗೆ 500 ಕೆಜಿ ಇದ್ದಿಲಿನ ಲೆಕ್ಕದಲ್ಲಿ ಮಡಿಗೆ ಸುಮಾರು 3.7 ಕೆಜಿ, 200 ಕೆಜಿ ಜಿಪ್ಸಂ ಲೆಕ್ಕದಲ್ಲಿ ಮಡಿಗೆ ಒಂದೂವರೆ ಕೆಜಿ. ಈ ಮಡಿಗಳಲ್ಲಿ ರಂಜಕಕ್ಕೆ ಡಿಎಪಿಯನ್ನೇ ಹಾಕಿ, ಇಲ್ಲವಾದರೆ ಸೂಪರ್ ಫಾಸ್ಫೇಟಿನ ಗಂಧಕ ಎಲ್ಲ ವ್ಯತ್ಯಾಸವನ್ನೂ ಮುಚ್ಚಿಹಾಕುತ್ತದೆ. ಇದೇ ನಾಲ್ಕನ್ನು ಹೊಲದ ಇನ್ನೆರಡು ಕಡೆ, ಕ್ರಮ ಅದಲುಬದಲು ಮಾಡಿ ಮತ್ತೆ ಹಾಕಿ. ಒಂದೇ ಕಡೆ ಮಾಡಿದರೆ ಹಳೇ ತಿಪ್ಪೆ ಇದ್ದ ಜಾಗವೋ, ಕುರಿ ಮಂದೆ ಮಲಗಿದ್ದ ಜಾಗವೋ ನಿಮ್ಮನ್ನು ಏಮಾರಿಸುತ್ತದೆ.

ಕೀಳುವಾಗ ಅಂಚಿನ ಸಾಲು ಬಿಟ್ಟು ನಡುವಿನ ಎಂಟು ಸಾಲಿನ ಕಾಯಿಯನ್ನೂ ಹೊಟ್ಟನ್ನೂ ಬೇರೆ ಬೇರೆ ಒಣಗಿಸಿ ತೂಗಿ. ಎರಡನೆಯ ಮಡಿ ಹೊಟ್ಟಿನಲ್ಲಿ ಮುಂದಿದ್ದು ಕಾಯಿಯಲ್ಲಿ ಹಿಂದಿದ್ದರೆ, ನಾಲ್ಕನೆಯದು ಎರಡರಲ್ಲೂ ಮುಂದಿದ್ದರೆ, ನಿಮ್ಮ ಹೊಲದಲ್ಲಿ ಕೊರತೆ ಕಾಯಿಗೆ ಮುಟ್ಟಿದೆ ಎಂದು ತಿಳಿಯಿರಿ. ಜಿಪ್ಸಂ ಸುಣ್ಣವನ್ನೂ ಕೊಡುತ್ತದೆ ಎಂಬುದು ಮಾತ್ರ ನೆನಪಿರಲಿ. ಗಂಧಕವೋ ಸುಣ್ಣವೋ ಎಂದು ಬಿಡಿಸಿ ನೋಡಬೇಕೆಂದಿದ್ದರೆ ಬೆಂಟೊನೈಟ್ ಗಂಧಕದ ಒಂದು ಮಡಿಯನ್ನು ಬಿತ್ತನೆಗೆ ಸಾಕಷ್ಟು ಮುಂಚೆಯೇ ಸಿದ್ಧಮಾಡಿ.

ಮೂರನೇ ವರ್ಷ

ಬೂದಿಯ ಪ್ರಭಾವ ಎರಡು ಮೂರು ಮುಂಗಾರಿಗೆ ಕರಗುತ್ತ ಬರುತ್ತದೆ, ಕರಿ ಇಂಗಾಲ ಮಾತ್ರ ಉಳಿಯುತ್ತದೆ. ಆಗ ಮತ್ತೊಮ್ಮೆ ಮೂರೂ ಆಳದ ಮಣ್ಣು ಪರೀಕ್ಷೆ ಮಾಡಿಸಿ. 0–15ರಲ್ಲಿ ಗಂಧಕ ಇಳಿದು 30–60ರಲ್ಲಿ ಏರಿದ್ದರೆ ಅದು ಪೂರ್ತಿ ಕಳೆದುಹೋಗಿಲ್ಲ, ಶೇಂಗಾ ಬೇರಿಗೆ ಎಟುಕುತ್ತಿಲ್ಲ ಅಷ್ಟೇ. ನನ್ನ ಹೊಲದಲ್ಲಿ ಹೀಗೇ ಬಂತು. ಈಗ ಎಂಟು ಸಾಲು ಶೇಂಗಾಕ್ಕೆ ಒಂದು ಅಕ್ಕಡಿ ಸಾಲು ತೊಗರಿ ಬಿಡುತ್ತಿದ್ದೇನೆ. ತೊಗರಿ ಬೇರು ನಾಲ್ಕೈದು ಅಡಿ ಇಳಿದು ಕೆಳಗಿನ ಸಲ್ಫೇಟನ್ನು ಎತ್ತಿಕೊಳ್ಳುತ್ತದೆ, ಎಲೆ ಉದುರಿಸಿ ಮೇಲ್ಮಣ್ಣಿಗೆ ಹಾಕುತ್ತದೆ. ಸಂಕ್ರಾಂತಿ ಕಳೆದ ಮೇಲೆ ಬಡಿದು ಉಳಿದ ಕಟ್ಟಿಗೆ ಗುಂಡಿಯ ಪಕ್ಕ ಒಟ್ಟಿದ್ದೇನೆ. ಈ ಸಲ ತಳದ ಬೂದಿಯನ್ನು ಕೆರೆ ಏರಿ ಹತ್ತಿರದ ಹುಳಿ ತುಂಡಿಗೆ, ಅದೂ ಅಳೆದು ಹಾಕುವ ಯೋಚನೆ.